ಎಡಗೈಯ ಎಕ್ಸ್‌ರೇ

ಜೂನ್ 5, ಬೆಳಗ್ಗೆ 5.20

ನಾಲ್ಕು ಮೊಟ್ಟೆ ಬೇಯಿಸಿದೆ. ಅರ್ಧ ಲೀಟರ್ ಹಾಲು. ಯಾಯಾಳನ್ನು ಎರಡು ಸಲ ಕರೆದೆ, ಮೂರನೇ ಸಲ ಹೊದಿಕೆ ಎಳೆದೆ. ಐದೂಮುಕ್ಕಾಲಿಗೆ ಓಟ, ಆರೂವರೆಗೆ ಟೆನಿಸ್ ಕೋರ್ಟು, ಎಂಟಕ್ಕೆ ಸ್ಕೂಲು. ಹದಿಮೂರು ವರ್ಷದ ಹುಡುಗಿಗೆ ಇಷ್ಟು ನಿದ್ದೆ ಯಾಕೆ ಬೇಕು?

ಎದ್ದ ಕೂಡಲೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆ. ನೂರ ಐವತ್ತೊಂಬತ್ತು ಸೆಂಟಿಮೀಟರ್. ಹೊಸ ವರ್ಷದ ಹಬ್ಬದಲ್ಲೂ ನೂರ ಐವತ್ತೊಂಬತ್ತು. ಗೆರೆಯ ಮೇಲೇ ಗೆರೆ ಎಳೆದೂ ಎಳೆದೂ ಚೌಕಟ್ಟು ತೂತಾಗುವ ಹಾಗಿದೆ.

"ಅಮ್ಮಾ, ಹಿಮ್ಮಡಿ ನೆಲಕ್ಕೆ ತಾಗಿದೆಯಾ ನೋಡು, ಆಮೇಲೆ ಮೋಸ ಅಂತೀಯ" ಅಂದಳು. ತಮಾಷೆ ಬೇರೆ.

ಯಾಯಾ ಜೊತೆ ಆಡುವ ಪೇವೆನ್‌ಳ ಮೂರು ರಾಕೆಟ್ ಗಟ್ ಹಾಕಲು, ಅಂದರೆ ಹೊಸ ತಂತಿ ಬಿಗಿಯಲು, ಬಂದಿವೆ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಹದಿನಾರು ವರ್ಷ ನಿಂತವಳು ಈಗ ವೂಹಾನಿನ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೇರೆಯವರ ಮಕ್ಕಳ ರಾಕೆಟ್ಟಿಗೆ ಗಟ್ ಎಳೆಯುತ್ತೇನೆ. ಪೇವೆನ್ ಅಮ್ಮನ ಡ್ರೈವರ್ ಬಂದು ಕೊಟ್ಟು ಹೋದ. ಅವಳಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ಮಂಡಿ ನೋವಂತೆ. ಶಾಪಿಂಗಿನಲ್ಲಿ ಆ ಮಂಡಿ ಎಲ್ಲಿರುತ್ತದೋ.

ಜೂನ್ 12

ಸೋತಳು. ಪೇವೆನ್‌ಗೆ. 4-6, 5-7.

ಹತ್ತು ವರ್ಷದವಳಿದ್ದಾಗ ಇದೇ ಪೇವೆನ್‌ಳನ್ನು ಅರ್ಧ ಗಂಟೆಯಲ್ಲಿ ಅಳಿಸಿ ಕಳಿಸಿದ್ದಳು. ಆಗ ಯಾಯಾ ಇಡೀ ಗುಂಪಿಗಿಂತ ಒಂದು ತಲೆ ಎತ್ತರ. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು — ಏನು ತಿನ್ನಿಸ್ತೀರಿ, ಏನು ತಿನ್ನಿಸ್ತೀರಿ. ನಾನು ಹೇಳುತ್ತಿರಲಿಲ್ಲ. ಇವತ್ತು ಪೇವೆನ್ ನೆಟ್ ಆಚೆ ವಿದ್ಯುತ್ ಕಂಬ. ಅವಳ ಸರ್ವ್ ಮೇಲಿಂದ ಇಳಿಯುತ್ತದೆ, ನನ್ನವಳದ್ದು ನೆಟ್ ಸವರಿಕೊಂಡು ಹೋಗುತ್ತದೆ.

ಅದೂ ಹೋಗಲಿ. ಎರಡನೇ ಸೆಟ್ 5-5. ಪೇವೆನ್ ಹೊಡೆದದ್ದು ನಮ್ಮ ಗೆರೆಯ ಹತ್ತಿರ ಬಿತ್ತು. ಅಂಪೈರ್ ಇಲ್ಲ, ಮಕ್ಕಳೇ ಹೇಳಿಕೊಳ್ಳಬೇಕು. ಇವಳು ಬಗ್ಗಿ ನೋಡಿ, ಬೆರಳು ನೆಲಕ್ಕಿಟ್ಟು, "ಒಳಗೆ" ಅಂದಳು! ಯಾರು ಕೇಳಿದರು? ಹೊರಗೆ ಅಂದಿದ್ದರೆ ಆಕಾಶ ಬೀಳುತ್ತಿತ್ತೇ?

ಪೇವೆನ್ ಅಮ್ಮ ಮಡಚುವ ಕುರ್ಚಿಯಲ್ಲಿ ಕೂತು ಹಣ್ಣು ತಿನ್ನುತ್ತಾ ಹೇಳಿದಳು, "ಯಾಯಾ ಅಮ್ಮಾ, ಎಷ್ಟು ಒಳ್ಳೇ ಹುಡುಗಿ ರೀ ನಿಮ್ಮವಳು. ನಮ್ಮವಳಿಗೆ ಇಷ್ಟು ಒಳ್ಳೇತನ ಇಲ್ಲಪ್ಪ. ಅದಕ್ಕೇ ಗೆಲ್ತಾಳೋ ಏನೋ."

ನಕ್ಕೆ. ಹಲ್ಲು ನೋಯುವಷ್ಟು ನಕ್ಕೆ. ಮನೆಗೆ ಬರುವಾಗ ಸ್ಕೂಟರಿನಲ್ಲಿ ಹಿಂದೆ ಕೂತವಳಿಗೆ ಬೈದೆ. ನಿನ್ನಪ್ಪ ಶಿಯಾವೊಗಾನ್ ಊರಿನ ಟೈಲ್ಸ್ ಅಂಗಡಿಯಲ್ಲೇ ಮಲಗುವುದು ನಿನ್ನಿಂದ, ಮನೆ ಮಾರಿದ್ದು ನಿನ್ನಿಂದ, ನನ್ನ ಕೆಲಸ ಹೋದದ್ದು ನಿನ್ನಿಂದ. ಎಲ್ಲ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ.

ಜೂನ್ 13

ಬೈದದ್ದು ತಪ್ಪು ಅನ್ನಿಸುತ್ತಿಲ್ಲ. ತಾವರೆ ಬೇರು ಹಾಕಿ ಪಕ್ಕೆಲುಬಿನ ಸೂಪ್ ಮಾಡಿದೆ. ಎರಡು ಬಟ್ಟಲು ಕುಡಿದಳು.

ಜುಲೈ 1

ಕೊನೆಗೂ ಬಂತು. ಪ್ರಾಂತ್ಯದ ತಂಡಕ್ಕೆ ಆಯ್ಕೆ. ಹದಿನಾಲ್ಕರ ಒಳಗಿನ ಹುಡುಗಿಯರು. ಇಪ್ಪತ್ತಾರು ಜನ, ನಾಲ್ಕು ಜಾಗ. ಆಯ್ಕೆಯಾದರೆ ಊಟ, ವಸತಿ, ಕೋಚ್, ಓದು — ಎಲ್ಲ ಅವರದ್ದೇ. ನಾವು ಉಸಿರಾಡಬಹುದು. ಆಗದಿದ್ದರೆ? ಇನ್ನೊಂದು ವರ್ಷ ನಡೆಸಲು ನಮ್ಮಲ್ಲಿ ಮಾರುವಂಥದ್ದು ಏನೂ ಉಳಿದಿಲ್ಲ. ಯಾಯಾಗೂ ಗೊತ್ತು. ನೋಟೀಸನ್ನು ಮೂರು ಸಲ ಓದಿ ಫ್ರಿಜ್ಜಿಗೆ ಅಂಟಿಸಿದಳು.

ಮೊದಲು ಎಡಗೈಯ ಎಕ್ಸ್‌ರೇ ಆಗಬೇಕು. ಮೂಳೆಯ ವಯಸ್ಸು ನೋಡುತ್ತಾರೆ, ಯಾರಾದರೂ ಮಗಳ ವಯಸ್ಸು ಕಡಿಮೆ ಬರೆಸಿದ್ದರೆ ಸಿಕ್ಕಿಬೀಳಲಿ ಅಂತ. ಸಿಕ್ಕಿಬೀಳಲಿ! ಕಳೆದ ವರ್ಷ ಇವಳು ಸೋತ ಆ 'ಹನ್ನೆರಡು ವರ್ಷದ' ಹುಡುಗಿಗೆ ಮೀಸೆ ಒಂದು ಇರಲಿಲ್ಲ ಅಷ್ಟೇ.

ನಮಗೇನು ಭಯ. ಮೇ ತಿಂಗಳಿಗೆ ಹದಿಮೂರು ತುಂಬಿದೆ. ಹೆತ್ತವಳು ನಾನು.

ಜುಲೈ 8, ಮಧ್ಯಾಹ್ನ 12.40

ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಯಾಯಾ ಐಸ್‌ಕ್ರೀಮ್ ತರಲು ಹೋಗಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ.

ಡಾಕ್ಟರ್ ವಯಸ್ಸಾದ ಹೆಂಗಸು. ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಯಾಯಾಳನ್ನು ಹೊರಗೆ ಕಳಿಸಿದರು.

"ಹುಟ್ಟಿದ ತಾರೀಖು ಸರಿಯಾಗಿ ಬರ್ದಿದೀರಾ?"

"ಸರಿಯಾಗೇ ಇದೆ."

"ನೋಡಿ, ನನಗೇನೂ ಆಗ್ಬೇಕಾಗಿಲ್ಲ. ನಿಜ ಹೇಳಿ."

"ಹದಿಮೂರು ವರ್ಷ ಎರಡು ತಿಂಗಳು, ಡಾಕ್ಟ್ರೇ. ಇದರಲ್ಲಿ ಸುಳ್ಳು ಹೇಳೋಕೆ ಏನಿದೆ?"

"ಈ ಮೂಳೆಗೆ ಹದಿನಾರು."

ಮುಟ್ಟು ಯಾವಾಗ ಶುರುವಾಯ್ತು ಅಂದರು. ಒಂಬತ್ತೂವರೆಗೆ ಅಂದೆ. ಆಗ ಕನ್ನಡಕ ತೆಗೆದರು.

"ಏನು ತಿನ್ನಿಸ್ತಿದ್ರಿ?"

ಎಲ್ಲರೂ ತಿನ್ನಿಸುವುದೇ ಅಂದೆ. ಹಾಲು, ಮೊಟ್ಟೆ, ಮೀನು. ಅದಲ್ಲ, ಬೇರೆ ಏನು ಅಂದರು. ಹೇಳಿದೆ. ಹಿಮಗಪ್ಪೆಯ ಕೊಬ್ಬು. ಜಿಲಿನ್ ಕಡೆಯ ಕಾಡುಕಪ್ಪೆಯದ್ದು, ಅಪ್ಪಟ. ರಾತ್ರಿ ನೆನೆಹಾಕಿದರೆ ಹತ್ತಿಯ ಹಾಗೆ ಉಬ್ಬುತ್ತದೆ. ಕಲ್ಲುಸಕ್ಕರೆ, ಕೆಂಪು ಖರ್ಜೂರ ಹಾಕಿ ಆವಿಯಲ್ಲಿ ಬೇಯಿಸಿ, ದಿನಕ್ಕೊಂದು ಬಟ್ಟಲು. ಏಳನೇ ವಯಸ್ಸಿನಿಂದ ಹನ್ನೊಂದರ ತನಕ.

"ಪ್ರತಿದಿನ?"

"ಪ್ರತಿದಿನ."

"ಕಪ್ಪೆಯ ಮೊಟ್ಟೆಚೀಲದ ಭಾಗ ಅದು. ಹೆಣ್ಣಿನ ಹಾರ್ಮೋನು. ನೀವು ಏನು ಕೆಲಸ ಮಾಡ್ತಿದ್ರಿ?"

ಆಸ್ಪತ್ರೆಯ ಔಷಧಿ ಕೌಂಟರ್ ಅಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಫಿಲ್ಮಿನಲ್ಲಿ ಮಣಿಕಟ್ಟಿನ ಹತ್ತಿರ ಪೆನ್ನಿಟ್ಟು ತೋರಿಸಿದರು. ಇಲ್ಲೊಂದು ಸಂದು ಇರಬೇಕಿತ್ತು, ಮುಚ್ಚಿದೆ. ಬೇಗ ಬೆಳೆದಳು, ಬೇಗ ನಿಂತಳು. ಇನ್ನು ಒಂದು ಸೆಂಟಿಮೀಟರ್ ಆದರೆ ಹೆಚ್ಚು.

ಅಂದರೆ ಎತ್ತರ ಆಗಲಿ ಅಂತ ತಿನ್ನಿಸಿದ್ದೇ ಎತ್ತರ ತಿಂದುಹಾಕಿತು. ಕಳಿಸಿದವರು ಯಾರು? ನನ್ನ ಅತ್ತೆ. ಜಿಲಿನ್‌ನಿಂದ ವರ್ಷಕ್ಕೆ ನಾಲ್ಕು ಪ್ಯಾಕೆಟ್. ನೆರೆಯವರಿಗೆಲ್ಲ ಹೇಳಿಕೊಂಡು ಕಳಿಸುತ್ತಿದ್ದಳು, ನಮ್ಮ ಬೆಟ್ಟದ ಮಾಲು ಅಂತ. ಇವತ್ತು ಬಿಡುವುದಿಲ್ಲ.

ಅದೇ ದಿನ, ಸಂಜೆ 5

ಯಾಯಾ ಪ್ರಾಕ್ಟೀಸಿಗೆ ಹೋದಮೇಲೆ ಫೋನ್ ಮಾಡಿದೆ. ಹಲೋ ಅನ್ನಲೂ ಬಿಡಲಿಲ್ಲ.

"ಅತ್ತೆ, ನೀವು ಕಳಿಸಿದ ಆ ಕೊಬ್ಬು ನನ್ನ ಮಗಳ ಬಾಳು ಹಾಳು ಮಾಡ್ತು! ಅವಳ ಮೂಳೆ ಮುದುಕಿ ಮೂಳೆ ಆಗಿದೆ! ನಿಮ್ಮ ಹಳ್ಳಿ ಮದ್ದು, ನಿಮ್ಮ ಹಳ್ಳಿ ಬುದ್ಧಿ…"

ಇನ್ನೂ ಏನೇನೋ. ಬರೆಯುವುದಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ:

"ಲಿರೋಂಗ್, ಅದು ನಿನಗೆ ಕಳಿಸಿದ್ದಲ್ವೇನೆ? ಹೆತ್ತು ಏಳು ವರ್ಷ ಆದ್ರೂ ನೀನು ಒಣಗಿಕೊಂಡೇ ಇದ್ದೆ. ಕೆಮ್ಮು ಬೇರೆ ಬಿಡ್ತಿರ್ಲಿಲ್ಲ. ಒಂದೊಂದು ಪ್ಯಾಕೆಟ್ ಮೇಲೂ ನಿನ್ನ ಹೆಸರೇ ಬರೆಸಿದ್ದೆ. ಮಗೂಗೆ ಕೊಡಬೇಡ, ಎಳೇ ಮೈಗೆ ಆಗಲ್ಲ ಅಂತ ಫೋನಲ್ಲೂ ಹೇಳಿದ್ದೆ. ಮರ್ತುಬಿಟ್ಯಾ?"

ಮರೆತಿರಲಿಲ್ಲ. ಅದೇ ಹಾಳಾಗಿದ್ದು, ಮರೆತಿರಲಿಲ್ಲ. ಆಗ ಅಂದುಕೊಂಡದ್ದೂ ನೆನಪಿದೆ: ಮುದುಕಿಗೆ ಮೊಮ್ಮಗಳ ಮೇಲೆ ಜಿಪುಣತನ, ಹೆಣ್ಣು ಮಗು ತಾನೇ ಅಂತ. ನನಗೆ ಬಂದದ್ದರಲ್ಲಿ ಒಂದು ಚಮಚ ಕೂಡ ನಾನು ಬಾಯಿಗೆ ಹಾಕಲಿಲ್ಲ. ಎಲ್ಲ ಅವಳಿಗೆ. ನನ್ನಂಥ ತಾಯಿ ಯಾರಿದ್ದಾರೆ ಅಂತ ಬೀಗಿದ್ದೆ. ಕೆಮ್ಮಿಕೊಂಡೇ ಬೀಗಿದ್ದೆ.

ಫೋನ್ ಇಟ್ಟೆ. ಅವರು ಒಂದು ಮಾತು ಬೈಯಬಾರದಿತ್ತೇ?

ಜುಲೈ 9

ಗಟ್ ಎರಡು ಸಲ ತುಂಡಾಯಿತು.

ಜುಲೈ 15

ಎಕ್ಸ್‌ರೇ ವರದಿ ಆಯ್ಕೆ ಸಮಿತಿಗೆ ಹೋಯಿತು. ಯಾಯಾ ಹೆಸರಿನ ಮುಂದೆ 'ವಯಸ್ಸು ಸಂಶಯ' ಅಂತ ಬರೆದಿದ್ದಾರೆ. ಅಮ್ಮಂದಿರ ಗ್ರೂಪಿಗೆ ಯಾರು ಮುಟ್ಟಿಸಿದರೋ, ಬೆಳಗ್ಗೆ ಒಂಬತ್ತಕ್ಕೆಲ್ಲ ಪೇವೆನ್ ಅಮ್ಮನ ಮೆಸೇಜು: "ಪಾಪ, ಹಾಗೆಲ್ಲ ಮಾತಾಡ್ಬೇಡಿ. ಬಡವರಿಗೆ ಆಸೆ ಇರಲ್ವಾ? ಒಂದೆರಡು ವರ್ಷ ಕಮ್ಮಿ ಬರೆಸಿದ್ರೆ ಏನಾಯ್ತು." ಯಾರೂ ಏನೂ ಮಾತಾಡಿರಲಿಲ್ಲ. ಇವಳೇ ಮೊದಲು ಬಾಯಿ ತೆರೆದವಳು.

ಮಾಡಿದ ತಪ್ಪು ಬೇರೆ, ಹೊತ್ತ ಹೆಸರು ಬೇರೆ. ಮಗಳನ್ನೂ ಸ್ಕೂಲಿನಲ್ಲಿ 'ಅಕ್ಕಾ' ಅಂತ ಕರೆದು ನಕ್ಕರಂತೆ. ಮನೆಗೆ ಬಂದು ಜನನ ಪತ್ರ ಹುಡುಕಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಬ್ಯಾಗಿನಲ್ಲಿಟ್ಟುಕೊಂಡಿದ್ದಾಳೆ. ಯಾರಾದರೂ ಕೇಳಿದರೆ ತೋರಿಸಲು.

"ನಾನು ಹದಿಮೂರೇ ತಾನೇ ಅಮ್ಮಾ?" ಅಂದಳು. ನನ್ನನ್ನೇ ಕೇಳಿದಳು!

ಯಾಯಾಗೆ ಆಟ ಕಲಿಸುವ ಮೆಂಗ್ ಕೋಚ್ ಹತ್ತಿರ ಹೋದೆ. ಸಿಗರೇಟು ಹಚ್ಚಿಕೊಂಡು ಬಾಗಿಲು ಮುಚ್ಚಿದ.

"ಯಾಯಾ ಅಮ್ಮಾ, ನನ್ನ ಹತ್ರ ಆದ್ರೂ ನಿಜ ಹೇಳಿ. ತಿದ್ದಿದೀರಾ? ತಿದ್ದೋದು ದೊಡ್ಡ ವಿಷ್ಯ ಅಲ್ಲ. ನನಗೆ ಮೊದ್ಲೇ ಹೇಳ್ಬೇಕಿತ್ತು ಅಷ್ಟೇ."

ಕಪಾಳಕ್ಕೆ ಕೊಡಬೇಕು ಅನ್ನಿಸಿತು. ಹೇಳಿದೆ, ಎಲ್ಲ ಹೇಳಿದೆ. ಅವನು ಹೊಗೆ ಬಿಟ್ಟ.

"ಹಾಗಿದ್ರೆ ದಾರಿ ಇದೆ. ಡಾಕ್ಟರ್ ಚೀಟಿ, ಜನನ ಪತ್ರ, ಜೊತೆಗೊಂದು ಹೇಳಿಕೆ. ಏನು ತಿನ್ನಿಸಿದ್ದು, ಯಾರು ತಿನ್ನಿಸಿದ್ದು, ಎಷ್ಟು ವರ್ಷ. ಹೆಬ್ಬೆಟ್ಟು ಒತ್ತಿ ಕೊಟ್ರೆ ಆಡೋಕೆ ಬಿಡ್ತಾರೆ."

"ಬರ್ಕೊಡ್ತೀನಿ. ನಾನೇ ತಿನ್ನಿಸಿದ್ದು."

"ಅಯ್ಯೋ, ನೀವು ಬೇಡ ತಾಯಿ! ಔಷಧಿ ಕೌಂಟರಲ್ಲಿ ಇದ್ದೋರು ನೀವು. ಗೊತ್ತಿದ್ದೂ ಗೊತ್ತಿದ್ದೂ ಮಗೂಗೆ ಮದ್ದು ಹಾಕಿದ್ರು ಅಂತಾರೆ. ಯಾಯಾನ ಎರಡು ವರ್ಷ ಆಟದಿಂದ ಹೊರಗೆ ಹಾಕ್ತಾರೆ. ಅಜ್ಜಿ ಇದಾರಾ?"

"…ಇದಾರೆ."

"ಓದಿದಾರಾ?"

"ಇಲ್ಲ."

"ಸರಿ ಹೋಯ್ತು. ಅಜ್ಜಿ ಕಳಿಸಿದ್ರು, ದಿನಾ ತಿನ್ನಿಸು ಅಂದ್ರು, ಸೊಸೆ ಅತ್ತೆ ಮಾತು ಮೀರಲಿಲ್ಲ. ಸಮಿತಿಯಲ್ಲಿ ಕೂತೋರಿಗೂ ಅಂಥ ಅಮ್ಮಂದಿರು ಇದಾರೆ, ಕರಗ್ತಾರೆ. ಎಲ್ಲರೂ ಅಜ್ಜಿ ಅಂತಾನೇ ಬರೆಯೋದು, ಹೋದ ವರ್ಷ ನಾನೇ ಮೂರು ಬರೆಸಿದೀನಿ."

ಅವನನ್ನು ಬೈದುಕೊಂಡೇ ಕಾಗದ ತೆಗೆದುಕೊಂಡೆ. ತೆಗೆದುಕೊಂಡೆ, ಅದು ನಿಜ.

ಜುಲೈ 17

ಗಂಡನಿಗೆ ಹೇಳಿದೆ. ವೇಮಿನ್ ಸಾಮಾನ್ಯವಾಗಿ ಎಲ್ಲದಕ್ಕೂ ಹೂಂ ಅನ್ನುವವನು. ಮನೆ ಮಾರುವಾಗಲೂ ಹೂಂ ಅಂದವನು. ಇವತ್ತು ಮಾತ್ರ:

"ನಮ್ಮಮ್ಮನ ಹತ್ರ ನಾನು ಇದನ್ನ ಕೇಳಲ್ಲ ಲಿರೋಂಗ್. ನಿನಗೆ ಬಾಯಿ ಬರುತ್ತೆ ಅಂದ್ರೆ ನೀನೇ ಕೇಳು."

ಬಂತು ಬಾಯಿ. ಕೇಳಿದೆ. ಕ್ಷಮಿಸಿ ಅನ್ನಲಿಲ್ಲ. ಮಗಳ ಭವಿಷ್ಯ, ಮಗಳ ಭವಿಷ್ಯ ಅಂತ ನಾಲ್ಕು ಸಲ ಅಂದೆ. ಅತ್ತೆ ಕೇಳಿದ್ದು ಒಂದೇ:

"ಯಾವತ್ತು ಬರ್ಬೇಕು?"

ಜುಲೈ 21

ಬಂದರು. ಒಂದು ಹಗಲು ಒಂದು ರಾತ್ರಿ ಸೀಟಿನಲ್ಲೇ ಕೂತು. ಎಪ್ಪತ್ತಮೂರು ವರ್ಷ. ಸ್ಲೀಪರ್ ಯಾಕೆ ತಗೊಳ್ಳಲಿಲ್ಲ ಅಂದರೆ, "ಮಲಗಿದ್ರೆ ಸ್ಟೇಷನ್ ತಪ್ಪುತ್ತೆ" ಅಂದರು. ಚೀಲದಲ್ಲಿ ಒಣ ಅಣಬೆ, ಜೋಳದ ಹಿಟ್ಟು, ಯಾಯಾಗೆ ಪೈನ್ ಬೀಜ.

ಯಾಯಾ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಒಂದು ವಾರದಿಂದ ನಗದವಳು ನಕ್ಕಳು.

"ಅಜ್ಜೀ, ಎಲ್ಲರೂ ನನ್ನ ಅಕ್ಕ ಅಂತಾರೆ!"

"ಅನ್ನಲಿ ಬಿಡೇ. ನನ್ನನ್ನ ಇಪ್ಪತ್ತೈದಕ್ಕೇ ಅಜ್ಜಿ ಅಂತಿದ್ರು. ಒಂದು ಹಲ್ಲು ಬಿದ್ದಿತ್ತು ಅಷ್ಟಕ್ಕೇ."

ಪೈನ್ ಬೀಜ ಒಡೆದು ಒಡೆದು ಮೊಮ್ಮಗಳ ಬಾಯಿಗೆ ಹಾಕಿದರು. ಕಾಲು ಒತ್ತಿದರು. ನನ್ನ ಕಡೆ ನೋಡಲಿಲ್ಲ, ನೋಡಬಾರದು ಅಂತ ಅಲ್ಲ — ನಾನು ಎದುರಿಗೆ ನಿಲ್ಲಲಿಲ್ಲ.

ಜುಲೈ 22

ಬರೆದು ಮುಗಿಸಿಬಿಡುತ್ತೇನೆ.

ಸಮಿತಿಯ ಆಫೀಸು, ಎರಡನೇ ಮಹಡಿ. ಆಟಗಾರ್ತಿಯೂ ಸಹಿ ಹಾಕಬೇಕಂತೆ, ಅದು ನನಗೆ ಗೊತ್ತಿರಲಿಲ್ಲ. ಸಹಿಗಷ್ಟೇ ಕರೆದು ಹೊರಗೆ ಕಳಿಸೋಣ ಅಂದುಕೊಂಡೆ. ಅಲ್ಲಿನ ಗುಮಾಸ್ತ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು, ನಿಯಮ ಅಂದರೆ ನಿಯಮ. ಹೆಬ್ಬೆಟ್ಟು ಒತ್ತುವವರಿಗೆ ಓದು ಬರದಿದ್ದರೆ ಎಲ್ಲರೆದುರು ಓದಿ ಹೇಳಬೇಕು ಅಂತ ನಿಂತು ಓದಿದ. ಶುದ್ಧವಾಗಿ, ವಾರ್ತೆ ಓದುವ ಹಾಗೆ.

"…ಅಜ್ಜಿಯಾದ ನಾನು ಪ್ರತಿದಿನ ತಿನ್ನಿಸಲು ಸೊಸೆಗೆ ಹೇಳಿರುತ್ತೇನೆ. ಇದರ ಪರಿಣಾಮ ನನಗೆ ತಿಳಿದಿರಲಿಲ್ಲ. ಇದರಿಂದ ಮಗುವಿನ ಮೂಳೆಯ ಬೆಳವಣಿಗೆ ಮುಗಿದಿರುತ್ತದೆ."

"ಮುಗಿದಿದೆ ಅಂದ್ರೆ?" ಯಾಯಾ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವನು, "ಇನ್ನು ಎತ್ತರ ಆಗಲ್ಲ ಅಂತ."

ಅತ್ತೆಯ ಹೆಬ್ಬೆರಳು ಆಗಲೇ ಕೆಂಪು ಇಂಕಿನಲ್ಲಿತ್ತು. ಒತ್ತಿದರು. ಯಾಯಾ ಅವರ ಮುಂದೆ ಹೋಗಿ ನಿಂತಳು.

"ನೀನು ಹೇಳಿದ್ದಾ? ಆ ಸಿಹಿ ಸೂಪು… ನೀನು ಹೇಳಿದ್ದಾ?"

"ಹೂಂ ಪುಟ್ಟಾ. ನಾನೇ ಹೇಳಿದ್ದು. ಗೊತ್ತಾಗ್ಲಿಲ್ಲ ಕಣೆ."

"ನಿನಗೆ ಯಾವಾಗ ಏನು ಗೊತ್ತಾಗುತ್ತೆ? ಅಮ್ಮ ನಂಗೋಸ್ಕರ ಎಲ್ಲಾ ಬಿಟ್ಟು ಬಂದ್ಳು, ನೀನು ಒಂದು ಪ್ಯಾಕೆಟಲ್ಲಿ ಎಲ್ಲಾ ಹಾಳ್ಮಾಡ್ದೆ! ಇನ್ಮೇಲೆ ನಮ್ಮನೆಗೆ ಬರ್ಬೇಡ!"

ಅಮ್ಮ ಎಲ್ಲ ಬಿಟ್ಟು ಬಂದಳು ಅಂದಳು. ನಾನು ಅಲ್ಲೇ ನಿಂತಿದ್ದೆ. ಮೂರು ಹೆಜ್ಜೆ ದೂರದಲ್ಲಿ. ಇಂಕಿನ ಡಬ್ಬಿಯ ಮುಚ್ಚಳ ಹಾಕಿದೆ. ಅದೇ ನಾನು ಮಾಡಿದ್ದು, ಮುಚ್ಚಳ ಹಾಕಿದ್ದು.

ಅತ್ತೆ ಸಂಜೆಯ ರೈಲಿಗೇ ಹೊರಟರು. ಸ್ಟೇಷನ್ನಿಗೆ ಬರುತ್ತೇನೆ ಅಂದೆ. "ಬೇಡ, ಅವಳಿಗೆ ಊಟ ಹಾಕು, ಬೆಳಗ್ಗೆಯಿಂದ ತಿಂದಿಲ್ಲ" ಅಂದರು.

ಜುಲೈ 27

ನಾಲ್ಕನೇ ಜಾಗ. ಯಾಯಾ. ಪಟ್ಟಿಯಲ್ಲಿ ಹೆಸರು ನೋಡಿ ಬಂದೆ, ಮತ್ತೆ ಹೋಗಿ ನೋಡಿದೆ.

ಮೂರು ದಿನ, ಐದು ಪಂದ್ಯ, ನಾಲ್ಕರಲ್ಲಿ ಗೆಲುವು. ಇವಳು ಹೀಗೆ ಆಡಿದ್ದನ್ನು ನಾನೇ ನೋಡಿರಲಿಲ್ಲ. ಒಂದು ಮಾತಿಲ್ಲ, ಒಂದು ನಗುವಿಲ್ಲ. ಚೆಂಡಿಗೆ ಹೊಡೆಯುತ್ತಿದ್ದಳೋ ಮುದುಕಿಗೆ ಹೊಡೆಯುತ್ತಿದ್ದಳೋ. ಎತ್ತರ ಇಲ್ಲ, ಆದರೆ ನೆಟ್ ಹತ್ತಿರ ಚುರುಕು, ಡಬಲ್ಸಿಗೆ ಆಗುತ್ತಾಳೆ, ಒಂದು ವರ್ಷ ನೋಡೋಣ ಅಂದರಂತೆ ಸಮಿತಿಯವರು.

ಗೆದ್ದೆವು. ಇಷ್ಟು ವರ್ಷ ಬೇಡಿದ್ದು ಸಿಕ್ಕಿತು. ಕುಣಿಯಬೇಕಿತ್ತು ನಾನು.

ಪೇವೆನ್ ಎರಡನೆಯವಳು. ಅವಳಮ್ಮ ಗೇಟಿನ ಹತ್ತಿರ ಹಿಡಿದುಕೊಂಡಳು. "ಕಂಗ್ರಾಟ್ಸ್ ರೀ! ಅಜ್ಜಿ ಬಚಾವ್ ಮಾಡಿದ್ರಂತೆ? ನಮ್ಮನೇಲೂ ಒಬ್ರು ಇದಾರೆ. ಜೋಪಾನವಾಗಿ ಇಟ್ಕೋಬೇಕು, ಯಾವಾಗ ಬೇಕಾಗ್ತಾರೋ!"

ಅವಳ ಮಾತಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ.

ಜುಲೈ 30

ಯಾಯಾ ಬಟ್ಟೆ ತುಂಬುತ್ತಿದ್ದಾಳೆ. ನಾಡಿದ್ದು ಬೆಳಗ್ಗೆ ಹಾಸ್ಟೆಲಿನ ಬಸ್ಸು. ಫೋನಿನಲ್ಲಿ ಅಜ್ಜಿಯ ನಂಬರ್ ಬ್ಲಾಕ್ ಮಾಡಿದಳು, ನನಗೆ ತೋರಿಸಿಯೇ ಮಾಡಿದಳು. ಒಳ್ಳೆಯ ಕೆಲಸ ಮಾಡಿದವಳ ಮುಖ.

"ಅಮ್ಮಾ, ನೀನ್ಯಾಕೆ ಅಜ್ಜಿ ಮಾತು ಕೇಳಿದೆ? ನಿನಗೂ ಹೆದರಿಕೆ ಆಗ್ತಿತ್ತಾ ಅವರನ್ನ ಕಂಡ್ರೆ?"

ನಾನು ಹೂಂ ಅಂದೆ.

ಹೂಂ ಅಂದೆ! ಅಲ್ಲಿ ಆಫೀಸು, ಸಮಿತಿ, ಕೋಚ್, ಎಲ್ಲ ನೆವ ಇತ್ತು. ಇಲ್ಲಿ ಅಡುಗೆಮನೆಯಲ್ಲಿ ಯಾರಿದ್ದರು? ನಾನು, ಅವಳು. ಕೇಳಿದವಳು ನನ್ನ ಮೇಲೆ ಕನಿಕರ ಪಟ್ಟು ನನ್ನ ಭುಜ ಸವರಿದಳು. ಆ ಕೈಯನ್ನು ತಳ್ಳಿಬಿಡೋಣ ಅನ್ನಿಸಿತು.

ಜುಲೈ 31

ಅತ್ತೆ ನನ್ನ ಫೋನಿಗೆ ಮಾಡಿದರು. ಯಾಯಾ ಅಂಗಡಿಗೆ ಹೋಗಿದ್ದಳು.

"ಊಟ ಮಾಡ್ತಿದಾಳಾ? ಹಾಸ್ಟೆಲಲ್ಲಿ ಹಾಸಿಗೆ ಗಟ್ಟಿ ಇರುತ್ತೆ, ಒಂದು ದಪ್ಪ ಹೊದಿಕೆ ಕಳ್ಸು."

"ಅತ್ತೆ, ನಾನು ಅವಳಿಗೆ ಹೇಳ್ಬಿಡ್ತೀನಿ."

"ಹುಚ್ಚಿ! ಈಗ ಬೇಡ. ಸೇರಿ ಆಗ್ಲಿ. ಅವಳು ಸುಮ್ನಿರೋ ಹುಡುಗಿ ಅಲ್ಲ, ಹೋಗಿ ಅಲ್ಲೇ ಹೇಳ್ಬಿಡ್ತಾಳೆ. ನನಗೇನಂತೆ ಬಿಡು. ನಾನು ಇನ್ನೆಷ್ಟು ದಿನ ಬೈಸ್ಕೋಬೇಕು?"

ಯಾಕೆ ಇಷ್ಟು ಒಳ್ಳೆಯವರಾಗಬೇಕು ಇವರು? ಒಂದು ಸಲ, ಒಂದೇ ಸಲ, ಕೂಗಾಡಿ ಜಗಳ ಆಡಿದ್ದರೆ ನನಗೂ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಈಗ ಪೇವೆನ್ ಅಮ್ಮ, ಮೆಂಗ್ ಕೋಚ್, ಡಾಕ್ಟರ್, ಗಂಡ — ಯಾರ ಮೇಲೆ ಹಾಕಿದರೂ ಸಿಟ್ಟು ನಿಲ್ಲುತ್ತಿಲ್ಲ, ಜಾರಿ ನನ್ನ ಮೇಲೇ ಬೀಳುತ್ತಿದೆ.

ಅವಳು ಸೇರಿದಮೇಲೆ ಹೇಳಲೇ? ಹಬ್ಬವೂ ಅಲ್ಲ ಹುಣ್ಣಿಮೆಯೂ ಅಲ್ಲ ಅನ್ನುವಂಥ ಒಂದು ದಿನ ನೋಡಿಕೊಂಡು? ಅಷ್ಟರಲ್ಲಿ ಆ ಮುದುಕಿ ಸತ್ತರೆ?

ಆಗಸ್ಟ್ 1, ಬೆಳಗ್ಗೆ 7.10

ಬಸ್ಸು ಎಂಟಕ್ಕೆ. ಚೀಲ ಬಾಗಿಲ ಹತ್ತಿರ ಇದೆ.

ಹೇಳಿದರೆ ಜಾಗ ಹೋಗಬಹುದು. ಎರಡು ವರ್ಷ ಹೊರಗೆ ಹಾಕಬಹುದು, ಅಂದರೆ ಎಲ್ಲ ಮುಗಿದ ಹಾಗೆಯೇ. ನನ್ನ ಮುಖ ಮತ್ತೆ ನೋಡದೇ ಇರಬಹುದು. ಹೇಳದಿದ್ದರೆ ಇದರಲ್ಲಿ ಒಂದೂ ಆಗುವುದಿಲ್ಲ. ಎಷ್ಟು ಸಲೀಸು.

7.25

ಕರೆದೆ. "ಏನಮ್ಮಾ, ಲೇಟಾಗುತ್ತೆ" ಅಂದಳು. ಕೂತ್ಕೋ ಅಂದೆ. ಎದುರಿಗೆ ಕೂತಿದ್ದಾಳೆ, ಶೂ ಹಾಕಿಕೊಂಡೇ. ನಾನಿನ್ನೂ ಬರೆಯುತ್ತಿದ್ದೇನೆ, ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ.

"ಏನು ಬರೀತಿದೀಯ? ನನ್ನ ಬಗ್ಗೆನಾ?"

ಪುಸ್ತಕ ಅವಳ ಕಡೆ ತಿರುಗಿಸುತ್ತೇನೆ. ಯಾಯಾ, ಓದು. ಆ ಪ್ಯಾಕೆಟ್ ಅಜ್ಜಿ ಕಳಿಸಿದ್ದು ನನಗೆ. ನಿನಗೆ ಕೊಡಬೇಡ ಅಂದಿದ್ದರು. ತಿನ್ನಿಸಿದ್ದು ನಾನೇ